ಚಾಚಿ ಕೊಟ್ಟ ಹೆಪ್ಪು

ನನ್ನೂರು ಕುರುಗೋಡು. ಸಿರುಗುಪ್ಪದ ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದ ವರ್ಷ ನನಗೆ ಟೈಫಾಯ್ಡ್ ಬಂತು. ಗಂಡನನ್ನು ಕಳೆದುಕೊಂಡ ಮುಸ್ಲಿಂ ಹೆಂಗಸೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ಆಗ ಬಾಡಿಗೆಗಿದ್ದೆ. ಓಣಿಯವರಂತೆ ನಾನೂ ಅವರನ್ನು ಚಾಚಿ ಅನ್ನುತ್ತಿದ್ದೆ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಅದೂ ಇದೂ ಮಾತಾಡುತ್ತಿದ್ದೆವು. ಆದರೂ ಏಳೆಂಟು ತಿಂಗಳಲ್ಲಿ ಅವರ ಮನೆಯ ಒಂದು ಲೋಟ ನೀರನ್ನೂ ನಾನು ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಕಲಿತ ಮಡಿ ಅದು. ಅವರಿಗೆ ಅದು ಗೊತ್ತಿತ್ತು. ಹಬ್ಬಕ್ಕೆ ನನಗೆಂದು ಬಾಳೆಹಣ್ಣು ಮಾತ್ರ ತರುತ್ತಿದ್ದರು.

ಜ್ವರ ಹೋಯಿತು, ಹೊಟ್ಟೆ ಕೆಟ್ಟದ್ದು ಸರಿಹೋಗಲಿಲ್ಲ. ಪಾಠದ ನಡುವೆ ಎದ್ದು ಓಡಬೇಕಾಗುತ್ತಿತ್ತು. ಕೊನೆಗೆ ಬಳ್ಳಾರಿಗೆ ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಬೇರೆ ಸೋಂಕಿಲ್ಲವೆಂದು ಖಾತ್ರಿ ಮಾಡಿಕೊಂಡರು.

"ನೀವು ತಗೊಂಡ ಗುಳಿಗಿ, ಜ್ವರದ ಕ್ರಿಮಿ ಜತಿಗೆ ಹೊಟ್ಟ್ಯಾಗಿನ ಒಳ್ಳೇ ಕ್ರಿಮಿನೂ ಸಾಯಿಸಿರತೈತಿ ಸರ್. ನಮಗ ಅರಗದ ನಾರನ್ನ ಅವು ತಿಂದು, ಕರುಳಿನ ಒಳಪದರಕ್ಕ ಬೇಕಾದ್ದು ಮಾಡಿಕೊಡತಾವು. ಕೆಟ್ಟ ಕ್ರಿಮಿಗೆ ಜಾಗ ಬಿಡಂಗಿಲ್ಲ."

"ಈಗ ಅವನ್ನ ಎಲ್ಲಿಂದ ತರೋದ್ರಿ?"

"ಒಳಗ ಉಳಿದಿರೋವು ನಿಧಾನಕ್ಕ ಬೆಳಿತಾವು. ಮೊದಲು ಮೊಸರನ್ನ ತಿನ್ರಿ. ಹೊಟ್ಟಿ ತಡಕೊಂಡಂಗ ಕಾಳು, ಪಲ್ಯ, ಜ್ವಾಳದ ರೊಟ್ಟಿ. ಅವಕ್ಕ ಊಟ ಬೇಕಲ್ಲ."

ವಾಪಸು ಬಂದು ಹಾಲು ಕಾಸಿದೆ. ಹೆಪ್ಪಿರಲಿಲ್ಲ. ಚಾಚಿಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತೆ.

"ಒಂದೀಟು ಹೆಪ್ಪು ಕೊಡ್ತೀರೇನು ಚಾಚಿ?"

ಅವರು ಬಟ್ಟಲನ್ನೇ ನೋಡಿದರು. "ನಮ್ಮನೀದು ನಡಿತೈತೇನು ಸರ್?"

ನನಗೆ ತಲೆ ಎತ್ತಲಾಗಲಿಲ್ಲ. "ನಡಿತೈತ್ರಿ" ಅಂದೆ. ಅವರು ಒಳಗೆ ಹೋಗಿ ಒಂದು ಚಮಚ ಮೊಸರು ಹಾಕಿಕೊಟ್ಟರು.

ಮರುದಿನದ ಮೊಸರು ಗಟ್ಟಿಯಾಗಿತ್ತು. ವಾರದ ನಂತರ ಚಾಚಿಯೇ ಮೆಂತ್ಯ ಪಲ್ಯ, ಬಿಸಿ ರೊಟ್ಟಿ ತಂದಿಟ್ಟು, "ತಿಂದು ನೋಡ್ರಿ, ಹೊಟ್ಟಿ ತಡಕೊಳತೈತೋ ಏನೋ" ಅಂದರು. ತಡೆದುಕೊಂಡಿತು. ಸುಧಾರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ಅವರ ಅಡುಗೆಮನೆಯಲ್ಲೇ ಕೂತು ಉಣ್ಣತೊಡಗಿದ್ದೆ.

ಈಗ ಚಾಚಿ ತೆಕ್ಕಲಕೋಟೆಯಲ್ಲಿ ಮಗಳ ಜೊತೆ ಇದ್ದಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ಮಂಡಕ್ಕಿ ಒಗ್ಗರಣೆಯ ತಟ್ಟೆಯನ್ನು ನನ್ನತ್ತ ಸರಿಸಿ, ಮಗಳಿಗೆ ಹೇಳಿದರು: "ಇವರ ಹೊಟ್ಟಿಗೆ ಖಾರ ಆಗಂಗಿಲ್ಲ, ಕಡಿಮಿ ಹಾಕಬೇಕಿತ್ತು."