ಕಲ್ಲಮ್ಮ ಚೆಲ್ಲದ ನೀರು

ಸಿ.ಎಸ್. ಪುರದ ಕಲ್ಲಮ್ಮ ಮರಳೂರಿನ ಆಚೆಯ ಸಂಶೋಧನಾ ಕೇಂದ್ರದಲ್ಲಿ ಇಲಿ ಸಾಕುವ ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಊರಲ್ಲಿ ರಾಗಿ ಕದಿಯುವ ಇಲಿಗೆ ಬೋನು ಇಟ್ಟ ಕೈಯೇ ಇಲ್ಲಿ ಬಿಳಿ ಇಲಿಗಳಿಗೆ ಹೊತ್ತುಹೊತ್ತಿಗೆ ಅನ್ನ, ನೀರು ಇಡುತ್ತಿತ್ತು. ಋಣಾನುಬಂಧ ಅಂದರೆ ಇದೇ ಇರಬೇಕು. "ಈ ಕೆಲ್ಸದಿಂದ್ಲೇ ಮಗಳು ನರ್ಸ್ ಆದ್ಲು. ನನ್ ಪಾಲಿಗೆ ಇಲಿಗಳೇ ದೇವ್ರು ಕಣವ್ವ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ವಿಜ್ಞಾನಿ ತೇಜಸ್ವಿನಿ ಮೂರು ವರ್ಷ ಹೆಣಗಿ ಒಂದು ತಳಿ ಬೆಳೆಸಿದ್ದಳು. ಆ ಇಲಿಗಳ ಜೀನ್ ಒಂದಕ್ಕೆ ಸ್ವಿಚ್ ಕೂರಿಸಿದ್ದಳು. ನೀರಿಗೆ ಔಷಧಿ ಬೆರೆಸಿ ಕುಡಿಸಿದರೆ ಸ್ವಿಚ್ ಆನ್. ನೀಲಿ ದೀಪದಡಿ ಇಲಿಯ ಕಿವಿ ಹಸಿರಾಗಿ ಹೊಳೆಯುತ್ತದೆ. ಬರೀ ನೀರು ಕುಡಿದರೆ ಆಫ್, ಹೊಳಪಿಲ್ಲ.

ಈಚೆಗೆ ಬರೀ ನೀರಿನ ಇಲಿಗಳೂ ಹೊಳೆಯತೊಡಗಿದವು. ಹೇಳಿದ ಮಾತು ಕೇಳದ ಸ್ವಿಚ್ ಯಾರಿಗೆ ಬೇಕು?

"ತಳಿನೇ ಕೆಟ್ಟಿದೆ ಅಕ್ಕಾ. ಸೋಮವಾರ ಎಲ್ಲವನ್ನೂ ಕೊಲ್ಬೇಕು" ಎಂದಳು ತೇಜಸ್ವಿನಿ. ಅತ್ತು ಕಣ್ಣು ಕೆಂಪಗಾಗಿತ್ತು.

ತಾನು ಮಾಡುತ್ತಿದ್ದುದು ಕಲ್ಲಮ್ಮನಿಗೆ ಆಗ ಹೊಳೆಯಿತು. ಬಾಟಲಿ ಬದಲಿಸುವಾಗ ಉಳಿದ ಔಷಧಿ ನೀರನ್ನು ಸಿಂಕಿಗೆ ಚೆಲ್ಲಬೇಕೆಂಬುದು ನಿಯಮ. ಅವಳೋ ಒಂದು ಬಿಂದಿಗೆ ನೀರಿಗೆ ಎರಡು ಮೈಲಿ ನಡೆದು ಬೆಳೆದವಳು. ಈ ಬೇಸಿಗೆಯಲ್ಲಿ ಕೇಂದ್ರದ ಬೋರ್‌ವೆಲ್ ಸೊರಗಿದ ಮೇಲಂತೂ ಚೆಲ್ಲಲು ಮನಸ್ಸೇ ಬರಲಿಲ್ಲ. ಉಳಿದದ್ದನ್ನು ಪಕ್ಕದ ಬರೀ ನೀರಿನ ಬಾಟಲಿಗಳಿಗೇ ಸುರಿಯುತ್ತಿದ್ದಳು.

ಹೇಳಿದರೆ ಕೆಲಸ ಹೋದೀತು. ಸುಮ್ಮನಿದ್ದರೆ ಯಾರಿಗೂ ತಿಳಿಯದು, ಆದರೆ ತನಗೆ ಅನ್ನ ಕೊಟ್ಟ ಇಲಿಗಳು ಸಾಯುತ್ತವೆ.

"ಮೇಡಂ, ತಪ್ಪು ಇಲೀದಲ್ಲ, ನಂದು" ಎಂದು ಎಲ್ಲವನ್ನೂ ಹೇಳಿದಳು. "ಬೇಕಾದ್ರೆ ನನ್ನ ಕಳಿಸ್ಬುಡಿ. ಅವುನ್ನ ಕೊಲ್ಬ್ಯಾಡಿ."

ತೇಜಸ್ವಿನಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಬರೀ ನೀರಿನ ಇಲಿಗಳಿಗೆ ಮೂರು ವಾರ ಬರೀ ನೀರೇ ಕೊಡಿ. ಒಂದು ತೊಟ್ಟೂ ಬೆರೆಸ್ಬೇಡಿ" ಎಂದಷ್ಟೇ ಹೇಳಿದಳು.

ಮೂರು ವಾರ ಕಲ್ಲಮ್ಮನಿಗೆ ಊಟ ರುಚಿಸಲಿಲ್ಲ. ಕೊನೆಗೆ ತೇಜಸ್ವಿನಿ ಅವಳನ್ನು ಕತ್ತಲೆ ಕೋಣೆಗೆ ಕರೆದು, ಆ ಇಲಿಗಳ ಮೇಲೆ ನೀಲಿ ದೀಪ ಹಿಡಿದಳು.

"ಏನೂ ಹೊಳೀತಿಲ್ವಲ್ಲ ಮೇಡಂ!"

"ಅದೇ ಅಕ್ಕಾ ನಂಗೆ ಬೇಕಾಗಿದ್ದು. ತಳಿ ಸರಿಯಾಗೇ ಇದೆ." ತೇಜಸ್ವಿನಿ ಅವಳ ಕೈ ಹಿಡಿದುಕೊಂಡಳು. "ನೀವು ಬಾಯಿ ಬಿಡದೆ ಇದ್ದಿದ್ರೆ ನನ್ನ ಕೈಯಾರೆ ಕೊಂದುಬಿಡ್ತಿದ್ದೆ. ನಿಮ್ಮ ಋಣ ತೀರ್ಸಕ್ಕಾಗಲ್ಲ. ನಾಳೆನೂ ನೀವೇ ಬನ್ನಿ."

ಅಂದು ಸಂಜೆ ಉಳಿದ ಔಷಧಿ ನೀರನ್ನು ಸಿಂಕಿಗೆ ಚೆಲ್ಲುವ ಮೊದಲು ಕಲ್ಲಮ್ಮ ಬಾಟಲಿಯನ್ನು ಕಣ್ಣಿಗೊತ್ತಿಕೊಂಡಳು.

"ಗಂಗಮ್ಮ ತಾಯಿ, ತಪ್ಪು ತಿಳೀಬ್ಯಾಡ" ಎಂದಳು.