ಕೆಂಪರಾಜರ ಪ್ರಶಸ್ತಿಯನ್ನು ಗೇಟಿನಲ್ಲೇ ತಡೆದ ಮುಕ್ತಾರ್ ಭಾಯ್

ಮುಕ್ತಾರ್ ಭಾಯ್ ಬಂದ ಇಮೇಲ್‌ಗಳನ್ನೆಲ್ಲ ಕೂತು ಓದಿ, ಒಳ್ಳೆಯದನ್ನು ಒಳಕ್ಕೆ ಬಿಟ್ಟು ಕೆಟ್ಟದ್ದನ್ನು ಕಸಕ್ಕೆ ಹಾಕುತ್ತಾರೆಂದು ನಾನು ಬಹಳ ದಿನ ನಂಬಿದ್ದೆ. ಹಾಗಾಗಿ ಹಲಸೂರಿನ ಕೆಂಪರಾಜರ ಕಲ್ಯಾಣ ಮಂಟಪಕ್ಕೆ ಮೇಲ್ ಬರೆದಾಗಲೆಲ್ಲ ಕೊನೆಯಲ್ಲಿ 'ಮುಕ್ತಾರ್ ಅವರಿಗೂ ನಮಸ್ಕಾರ' ಎಂದು ಸೇರಿಸುತ್ತಿದ್ದೆ. ಒಂದು ದಿನ ಅವರನ್ನೇ ಕೇಳಿದೆ, ನಮಸ್ಕಾರ ತಲುಪಿತೇ ಎಂದು.

"ನಾನ್ಯಾಕ್ರೀ ಓದ್ಲಿ? ಎಲ್ಲಿಂದ ಬಂತು ಅಂತ ಬಾಗ್ಲಲ್ಲೇ ನೋಡ್ತೀವಿ, ಅಷ್ಟೆ."

ಮಂಟಪದ ಮೇಲ್ ಸರ್ವರ್ ನೋಡಿಕೊಳ್ಳುವುದು ಅವರ ಕೆಲಸ. ಅಡುಗೆಮನೆಗೂ ತರಕಾರಿ ಆರ್ಡರಿಗೆಂದು ಒಂದು ಇಮೇಲ್ ವಿಳಾಸ ಮಾಡಿಕೊಟ್ಟವರು ಅವರೇ. ಶಿವಾಜಿನಗರದ ಮನೆಯಲ್ಲಿ ದಖ್ಖನಿ, ಆಫೀಸಿನಲ್ಲಿ ಕನ್ನಡ, ಅಡುಗೆಯವರ ಜೊತೆ ತಮಿಳು. ಮೂರರಲ್ಲೂ ಮಾತು ಕಮ್ಮಿ. ಅಕ್ಕ ಜಹನಾರಾ ದಿನಾ ಫೋನಿಗೆ ಕಳಿಸುತ್ತಿದ್ದ ಗುಲಾಬಿ ಹೂವಿನ ಗುಡ್ ಮಾರ್ನಿಂಗನ್ನೂ ಬ್ಲಾಕ್ ಮಾಡಿದವರು. ಅಕ್ಕ ಈದ್‌ಗೆ ಬಿರಿಯಾನಿ ಡಬ್ಬಿ ಹಿಡಿದು ಬಂದು, "ಇದನ್ನೂ ಬ್ಲಾಕ್ ಮಾಡ್ತೀಯಾ?" ಎಂದರಂತೆ. ಬಿರಿಯಾನಿಗೆ ವಿನಾಯಿತಿ ಸಿಕ್ಕಿತು.

ತಾತನ ರಾಗಿ ಹೊಲದ ಮೇಲೆ ಮಂಟಪ ಎಬ್ಬಿಸಿದ ಕೆಂಪರಾಜರಿಗೆ ಎಲ್ಲವೂ ಇತ್ತು, ಪ್ರಶಸ್ತಿಯೊಂದು ಬಿಟ್ಟು. ಅದೂ ಕೂಡಿಬಂತು. ಯಾವುದೋ ಸಂಸ್ಥೆಯವರು ಫೋನ್ ಮಾಡಿ, 'ಪೂರ್ವ ಬೆಂಗಳೂರು ಭೂಷಣ'ಕ್ಕೆ ನೀವೇ ಆಯ್ಕೆ, ಪತ್ರ ಮೇಲ್ ಮಾಡ್ತೀವಿ ಎಂದರು. ಇವರು ಆಗಲೇ ಜೋಗುಪಾಳ್ಯದ ಮೂಲೆಗೆ ಫ್ಲೆಕ್ಸ್ ಹೇಳಿ, ಒಕ್ಕಣೆ ಬರೆಯಲು ನನ್ನನ್ನು ಕರೆಸಿ ಕೂರಿಸಿದ್ದರು. ಪತ್ರ ಮಾತ್ರ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ, "ನಿಮ್ಮ ಸರ್ವರ್ ವಾಪಸ್ ಕಳಿಸ್ತಿದೆ" ಎಂಬ ಉತ್ತರ.

"ಮುಕ್ತಾರ್, ನನ್ನ ಪ್ರಶಸ್ತಿ ಎಲ್ಲಪ್ಪ?"

"ಬಂದಿತ್ತು ಸಾರ್. ಕಳಿಸಿದವರು ಬ್ಲ್ಯಾಕ್‌ಲಿಸ್ಟ್‌ನಲ್ಲಿದ್ದಾರೆ. ಗೇಟಿಂದಲೇ ವಾಪಸ್ ಹೋಯ್ತು."

"ಆ ಲಿಸ್ಟು ಯಾರದು? ನಮ್ಮ ಕಡೆಯವರು ಯಾರಾದ್ರೂ ಇದ್ರೆ ಒಂದು ಮಾತು ಹೇಳಿಸೋಣ."

"ಹೊರದೇಶದ ಸರ್ವಿಸು ಸಾರ್. ರಾಶಿ ರಾಶಿ ಕಸದ ಮೇಲ್ ಕಳಿಸೋ ಸರ್ವರ್‌ಗಳನ್ನ ಗುರುತು ಹಾಕಿಟ್ಟಿರ್ತಾರೆ. ಮೇಲ್ ಬಂದ ತಕ್ಷಣ ನಮ್ಮ ಸರ್ವರ್ ಅವರನ್ನ ಕೇಳುತ್ತೆ. ಮದುವೆ ಬುಕ್ ಮಾಡೋಕೆ ಬಂದವರ ಬಗ್ಗೆ ನೀವು ಬೇರೆ ಮಂಟಪದವರಿಗೆ ಫೋನ್ ಮಾಡಿ, ಇವರು ಕುರ್ಚಿ ಮುರಿದಿದ್ರಾ ಅಂತ ಕೇಳಲ್ವಾ, ಹಂಗೆ."

ಕೆಂಪರಾಜರು ಕೊಂಚ ಮೆತ್ತಗಾದರು. ಆ ವಿಚಾರಣೆಯ ಪದ್ಧತಿ ತಾವೇ ಶುರುಮಾಡಿದ್ದೆಂದು ಹೇಳಿಕೊಳ್ಳುವವರು. ಆದರೆ ಎದುರಿಗಿದ್ದದ್ದು ಪ್ರಶಸ್ತಿ.

"ಇವರು ಕುರ್ಚಿ ಮುರಿಯೋರಲ್ಲಪ್ಪ, ಕುರ್ಚಿ ಮೇಲೆ ಕೂರಿಸೋರು. ಒಳಗೆ ಬಿಟ್ಕೋ. ಇಲ್ಲಾಂದ್ರೆ ನಾಳೆಯಿಂದ ಬೇರೆಯವರನ್ನ ನೋಡ್ಕೋತೀನಿ."

ಮುಕ್ತಾರ್ ಭಾಯ್ ಆ ಸಂಸ್ಥೆಯೊಂದಕ್ಕೆ ಮಾತ್ರ ಗೇಟು ತೆಗೆದು, ಮತ್ತೆ ಕಳಿಸಲು ಹೇಳಿ ಎಂದರು.

ಊಟ ಮುಗಿಸಿ ಬರುವಷ್ಟರಲ್ಲಿ ಪತ್ರ ಬಂದಿತ್ತು. ಕೆಂಪರಾಜರು ಎದ್ದು ನಿಂತು ಓದಿದರು: "ತಮ್ಮ ಅನನ್ಯ ಸಮಾಜಸೇವೆಯನ್ನು ಗುರುತಿಸಿ, ಪೂರ್ವ ಬೆಂಗಳೂರಿನಲ್ಲಿ ತಮ್ಮೊಬ್ಬರನ್ನೇ..."

"ಸಾರ್," ಬುಕಿಂಗ್ ಟೇಬಲ್ಲಿನಿಂದ ಮ್ಯಾನೇಜರ್ ಸುಕನ್ಯ ಮೆಲ್ಲಗೆ ಅಂದರು, "ಇದೇ ನನಗೂ ಬಂದಿದೆ."

ಅಷ್ಟರಲ್ಲಿ ಫ್ಲೆಕ್ಸಿನವನ ಫೋನು: ಫೋಟೋ ಪೇಟ ಇರೋದಾ, ಇಲ್ಲದ್ದಾ? ಕೆಂಪರಾಜರು ಫೋನನ್ನು ಎದೆಗೆ ಒತ್ತಿಕೊಂಡು ಮುಕ್ತಾರ್ ಭಾಯ್ ಕಡೆ ತಿರುಗಿದರು. ನಾನು ಪೆನ್ನು ಮುಚ್ಚಿದೆ.

"ಏನೇ ಆಗ್ಲಿ ಮುಕ್ತಾರ್, ನನಗೆ ಪ್ರಶಸ್ತಿ ಬಂದಿರೋದಂತೂ ನಿಜ ತಾನೇ?"

"ನಿಜ ಸಾರ್. ಅಡುಗೆಮನೆಗೂ ಬಂದಿದೆ."