ಸದ್ದಡಗಿಸುವ ಮುಕ್ತಿಯಾರ್ ಮತ್ತು ಕೂಗುವ ಕೆಂಪು ಕಾರು

ಚನ್ನಪಟ್ಟಣದ ಹೆದ್ದಾರಿ ಪಕ್ಕದಲ್ಲಿ ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ರೇಷ್ಮೆ ಗೂಡು ತುಂಬಿದ ಟೆಂಪೊ ಒಂದರ ಅಡಿಯಿಂದ ಎರಡು ಕಾಲುಗಳು ಹೊರಚಾಚಿವೆ. ಒಂದಕ್ಕೆ ನೀಲಿ ಹವಾಯಿ ಚಪ್ಪಲಿ, ಇನ್ನೊಂದಕ್ಕೆ ಹಸಿರು. ಟೆಂಪೊ ಚಾಲಕ ಒಮ್ಮೆ ಗಡಿಯಾರ ನೋಡುತ್ತಾನೆ, ಒಮ್ಮೆ ಆ ಕಾಲುಗಳನ್ನು ನೋಡುತ್ತಾನೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಹರಾಜು ಶುರುವಾಗುವ ಮುಂಚೆ ಅವನು ಅಲ್ಲಿರಬೇಕು. ಒಡೆದ ಸೈಲೆನ್ಸರ್ ಕಟ್ಟಿಕೊಂಡು ಬಂದದ್ದರಿಂದ ದಾರಿಯುದ್ದಕ್ಕೂ ನಾಯಿಗಳು ಅಟ್ಟಿಸಿಕೊಂಡು ಬಂದವೆಂದು ಅವನು ಗೊಣಗುತ್ತಾನೆ.

"ನಾಯಿಗೂ ನಿದ್ದೆ ಬೇಡ್ವೇನಪ್ಪ? ಒಸಿ ತಡಿ," ಎಂದು ಗಾಡಿಯಡಿಯಿಂದ ಉತ್ತರ ಬರುತ್ತದೆ.

ಬೆಸುಗೆಯ ಕಿಡಿ ಹಾರುತ್ತದೆ, ಸುತ್ತಿಗೆಯ ಪೆಟ್ಟು ಬೀಳುತ್ತದೆ. ಆಮೇಲೆ ತೆವಳಿಕೊಂಡು ಹೊರಬರುವವರು ಮುಕ್ತಿಯಾರ್. ಸುತ್ತಲಿನವರಿಗೆ ಅವರು ಸೈಲೆನ್ಸರ್ ಸಾಬ್ರು. ಎಂಜಿನ್ ಚಾಲೂ ಮಾಡಿಸಿ ಅವರು ನೋಡುವುದು ಟೆಂಪೊವನ್ನಲ್ಲ, ಪಕ್ಕದ ಷೆಡ್ಡಿನ ಕಿಟಕಿಯನ್ನು. ಅಲ್ಲಿ ಅವರ ಹೆಂಡತಿ ನೂರ್‌ಜಹಾನ್ ರೇಡಿಯೊ ಹಾಕಿಕೊಂಡು ರೇಷ್ಮೆ ಗೂಡಿನಿಂದ ನೂಲು ಬಿಚ್ಚಲು ಕೂತಿರುತ್ತಾರೆ. ರೇಡಿಯೊ ಕೇಳಿಸದಿದ್ದರೆ ಆಕೆ ತಲೆಯೆತ್ತಿ ಗಂಡನನ್ನು ಒಂದು ನೋಟ ನೋಡುತ್ತಾರೆ. ಹಾಗೆ ನೋಡಿದರೆ ಕೆಲಸ ಮತ್ತೆ ಮೊದಲಿಂದ. ಇವತ್ತು ಆಕೆ ತಲೆ ಎತ್ತುವುದಿಲ್ಲ. "ಪಾಸಾಯ್ತು, ಹೊರಡು," ಎಂದು ಮುಕ್ತಿಯಾರ್ ಟೆಂಪೊದ ಬೆನ್ನು ತಟ್ಟುತ್ತಾರೆ.

ಅವರ ಅಪ್ಪ ಬಣ್ಣದ ಬೊಂಬೆ ಮಾಡುತ್ತಿದ್ದವರು. ಮುಕ್ತಿಯಾರ್ ಕೂಡ ಮರ ತಿರುಗಿಸುವ ಪಟ್ಟರೆ ಯಂತ್ರದ ಮುಂದೆ ಕೂತು ಬುಗುರಿ, ಗಿಲಕಿ ಕಡೆದವರೇ. ಬೊಂಬೆಗೆ ಬೇಡಿಕೆ ಇಳಿದಾಗ ಲಾರಿ ಗ್ಯಾರೇಜು ಸೇರಿ, ಯಾರೂ ಇಷ್ಟಪಡದ ಹೊಗೆಕೊಳವೆಯ ಕೆಲಸ ಕಲಿತರು. "ಅಪ್ಪ ಗಿಲಕಿ ಮಾಡಿ ಸದ್ದು ಹುಟ್ಟುಸ್ತಿದ್ರು, ನಾನು ಸದ್ದು ಅಡುಗುಸ್ತೀನಿ. ಮನೆ ಲೆಕ್ಕ ಸರಿಹೋಯ್ತು," ಎಂದು ನಗುತ್ತಾರೆ. ಮೊಣಕೈವರೆಗೂ ಸುಟ್ಟ ಕಲೆಗಳಿವೆ. ಬೆನ್ನು ಸಂಜೆಯ ಹೊತ್ತಿಗೆ ಮಾತು ಕೇಳುವುದಿಲ್ಲ. ಹೆದ್ದಾರಿ ಅಗಲವಾದಾಗಲೆಲ್ಲ ಷೆಡ್ಡು ಹಿಂದೆ ಸರಿದು ಸರಿದು ಈಗ ಚರಂಡಿಗೆ ಬೆನ್ನು ಕೊಟ್ಟು ನಿಂತಿದೆ. ಆದರೂ ಬಿಡದಿ ಕಡೆ ಕಾರ್ಖಾನೆಗಳು ಎದ್ದಂತೆ ಲಾರಿಗಳು ಹೆಚ್ಚಿ, ದಿನಕ್ಕೆ ನಾಲ್ಕೈದು ಗಾಡಿಗಳಿಗೆ ಮೋಸವಿಲ್ಲ.

ಇಂಥ ಮನುಷ್ಯ ಹೋದ ವರ್ಷ ಒಂದು ಗಾಡಿಗೆ ಬೇಕೆಂದೇ ಸದ್ದು ಹೆಚ್ಚಿಸಿದ ಕತೆಯನ್ನು ಪೇಟೆಯ ಜನ ಈಗಲೂ ಹೇಳಿ ನಗುತ್ತಾರೆ.

ಆ ಗಾಡಿ ಕುದೂರಿನ ಜಯಕುಮಾರನದು. ಮನೆಯ ಹೊಲದ ಒಂದು ಭಾಗ ಕಾರ್ಖಾನೆಗೆ ಹೋಗಿ ಕೈಗೆ ದುಡ್ಡು ಬಂದಾಗ, ಅಪ್ಪ ಚೆಲುವಯ್ಯ ತೆಂಗಿನ ತೋಟ ನೋಡಲು ಹೋಗಿದ್ದರು. ಮಗ ಬೆಂಗಳೂರಿಗೆ ಹೋಗಿ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವ, ಕೆಂಪು ಬಣ್ಣದ ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಊರಿನ ರಸ್ತೆಗೂ ಬೆರಕೆ ಪೆಟ್ರೋಲಿಗೂ ಅದು ತಿಂಗಳೊಪ್ಪತ್ತಿನಲ್ಲೇ ಏದುಸಿರು ಬಿಡತೊಡಗಿತು. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮುಕ್ತಿಯಾರ್ ಷೆಡ್ಡಿಗೆ ಬಂತು.

ತೊಡಕು ಹುಡುಕಲು ಹೊತ್ತು ಹಿಡಿಯಲಿಲ್ಲ. ಹೊಗೆಯನ್ನು ತೊಳೆದು ಹೊರಬಿಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬದೊಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ತೂತುಗಳಿರುತ್ತವೆ. ಅವೆಲ್ಲ ಕರಗಿ ಮುಚ್ಚಿಹೋಗಿದ್ದವು. ಹೊಸದು ಹೊರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ಜಯಕುಮಾರನಿಗೋ ಬರುವ ಭಾನುವಾರವೇ ತಿಪ್ಪಸಂದ್ರದಲ್ಲಿ ಹೆಣ್ಣು ನೋಡುವ ಶಾಸ್ತ್ರ. ಡಬ್ಬ ಕಿತ್ತು, ಆ ಜಾಗಕ್ಕೆ ನೇರ ಕೊಳವೆ ಬೆಸೆದುಕೊಡಿ, ಸದ್ದೂ ಜೋರಾಗಿರಲಿ ಎಂದು ಪಟ್ಟು ಹಿಡಿದ. ಅದು ಕಾಯಿದೆಗೆ ವಿರುದ್ಧ, ಹೊಗೆ ಕಣ್ಣು ಉರಿಸುತ್ತದೆ ಎಂದು ಮುಕ್ತಿಯಾರ್ ಹೇಳಿ ನೋಡಿದರು. ಹುಡುಗ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಮುಕ್ತಿಯಾರ್ ಮನಸ್ಸೂ ಗಟ್ಟಿ ಇರಲಿಲ್ಲ. "ಅಂಥಾ ಕಾರ್ ನಮ್ ಷೆಡ್ಡಿಗೆ ಇನ್ನೊಂದ್ಸಲ ಬತ್ತದಾ? ಕೈ ಸುಮ್ನಿರ್ಬೇಕಲ್ಲ," ಎನ್ನುತ್ತಾರೆ.

ಕೊಳವೆ ಕೂತಿತು. ಎಂಜಿನ್ ಚಾಲೂ ಆದೊಡನೆ ಷೆಡ್ಡಿನ ತಗಡು ಅದುರಿತು. ನೂರ್‌ಜಹಾನ್ ತಲೆಯೆತ್ತಿ ನೋಡುವುದಿರಲಿ, ಎದ್ದು ಗೂಡು ಕಲಕುವ ಸೌಟು ಹಿಡಿದೇ ರಸ್ತೆಗೆ ಬಂದರು. ಜಯಕುಮಾರನ ಮುಖ ಮಾತ್ರ ಅರಳಿತ್ತು.

ಭಾನುವಾರ ಬೆಸುಗೆ ಎಲ್ಲಿ ಬಿಟ್ಟುಕೊಳ್ಳುತ್ತದೋ ಎಂಬ ಭಯಕ್ಕೆ ಅವನು ಮುಕ್ತಿಯಾರರನ್ನೇ ಪಕ್ಕದಲ್ಲಿ ಕೂರಿಸಿಕೊಂಡ. ಇದ್ದದ್ದು ಎರಡೇ ಸೀಟು. ಅದರೊಳಗೆ ಕೂತರೆ ಪಂಚೆ ನೆಟ್ಟಗೆ ನಿಲ್ಲುವುದಿಲ್ಲವೆಂದು ಚೆಲುವಯ್ಯ ಬಸ್ಸಿಗೆ ಹೊರಟರು.

ಕಾರು ತಿಪ್ಪಸಂದ್ರದ ಬೀದಿಗೆ ತಿರುಗಿದ್ದೇ ತಡ, ಕಟ್ಟಿದ್ದ ಹೋರಿಯೊಂದು ಹಗ್ಗ ಹರಿದುಕೊಂಡು ರಾಗಿ ಹೊಲಕ್ಕೆ ಬಿತ್ತು. ಹುಡುಗಿಯ ಮನೆಯ ಮುಂದೆ ನಿಲ್ಲುವ ಹೊತ್ತಿಗೆ ತೊಳೆಯದ ಹೊಗೆ ಜಗಲಿ ತುಂಬಿತು. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳತೊಡಗಿದರು. ನೋಡುವುದಕ್ಕೆ ಮುಂಚೆಯೇ ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರ ನಡೆದಂತಿತ್ತು.

ಚೆಲುವಯ್ಯನವರ ಬಸ್ಸು ಇನ್ನೂ ಬಂದಿರಲಿಲ್ಲ. ಹೀಗಾಗಿ ಗಂಡಿನ ಕಡೆಯ ಹಿರಿಯರೆಂದು ಮುಕ್ತಿಯಾರರಿಗೇ ಕೈಕಾಲು ತೊಳೆಯಲು ನೀರು ಕೊಟ್ಟು ಚಾಪೆಯ ಮೇಲೆ ಕೂರಿಸಿದರು. ಹುಡುಗಿಯ ಅಪ್ಪ ತಿಮ್ಮಯ್ಯ ಹತ್ತಿರ ಸರಿದು, ಹುಡುಗ ಹೆಂಗೆ ಎಂದು ಕೇಳಿದರು. ದಾರಿಯುದ್ದಕ್ಕೂ ಎಂಜಿನ್ ಕೇಳಿ ಮುಕ್ತಿಯಾರ್ ಕಿವಿ ಗುಂಯ್‌ಗುಡುತ್ತಿತ್ತು. ಕಾರಿನ ವಿಚಾರ ಕೇಳುತ್ತಿದ್ದಾರೆಂದು ತಿಳಿದು, ಅವರು ಮುಚ್ಚುಮರೆಯಿಲ್ಲದೆ ಹೇಳಿದರು:

"ಒಳಗೆಲ್ಲ ಗಟ್ಟಿ ಐತೆ ಗೌಡ್ರೆ. ಹೊಗೆ ಒಸಿ ಜಾಸ್ತಿ. ಬೆಳಿಗ್ಗೆ ಎದ್ದೇಳೋದು ನಿಧಾನ. ಮೊದಲೊಬ್ರು ಇಟ್ಕೊಂಡಿದ್ರು, ಅವ್ರೇ ಕೆಡಿಸ್ಬುಟ್ರು."

ತಿಮ್ಮಯ್ಯ ಎದ್ದು ಒಳಗೆ ಹೋದರು. ಒಳಗೆ ಪಿಸುಮಾತು ಜೋರಾಯಿತು. ಬಸ್ಸಿಳಿದು ಬೆವರೊರೆಸಿಕೊಳ್ಳುತ್ತ ಬಂದ ಚೆಲುವಯ್ಯ, ಅದು ಹುಡುಗನ ಗುಣವಲ್ಲ, ಗಾಡಿಯದೆಂದು ಬಿಡಿಸಿ ಹೇಳುವುದರೊಳಗೆ ಉಪ್ಪಿಟ್ಟು ಆರಿತ್ತು.

ಹುಡುಗಿ ನವ್ಯಶ್ರೀ ಶಾಲೆಯಲ್ಲಿ ಪಾಠ ಹೇಳುವವಳು. ಕಾಫಿ ಕೊಟ್ಟು ನಿಂತಳು. ಜಯಕುಮಾರ ಬೀದಿಯಿಂದಲೇ ತನ್ನತ್ತ ನೋಡಿ ಏನೋ ಹೇಳಿ ನಕ್ಕಿದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು. ಈಗ ಎಲ್ಲರ ಎದುರಿಗೇ ಕೇಳಿದಳು: "ನಿಮ್ ಕಾರ್ ಹೇಳಿದ್ದು ಊರಿಗೆಲ್ಲ ಕೇಳುಸ್ತು. ನೀವು ಹೇಳಿದ್ದು ನಂಗೆ ಕೇಳುಸ್ನಿಲ್ಲ. ಏನಂದ್ರಿ?"

ಜಯಕುಮಾರ ಕಾಫಿ ಲೋಟದೊಳಗೆ ಮುಖ ಹುದುಗಿಸಿದ. ಆಮೇಲೆ ಹೇಳಿಕಳಿಸುತ್ತೇವೆ ಎಂದು ತಿಮ್ಮಯ್ಯ ಕೈಮುಗಿದರು.

ಹಿಂದಿರುಗುವಾಗ ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಆಡಿದ್ದರೂ ಕೇಳಿಸುತ್ತಿರಲಿಲ್ಲ. ಆ ರಾತ್ರಿ ಮುಕ್ತಿಯಾರರಿಗೆ ಊಟ ಸೇರಲಿಲ್ಲ. ನಡೆದದ್ದನ್ನು ಕೇಳಿದ ನೂರ್‌ಜಹಾನ್ ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ, ಗಂಡನ ಕೈಯಿಂದ ಒಂದು ಮದುವೆ ಮುರಿಯಬಾರದು, ಅಂಥದೇ ಇನ್ನೊಂದು ಡಬ್ಬ ಎಲ್ಲಿದ್ದರೂ ಹುಡುಕಿ ತನ್ನಿ ಎಂದರು.

ಮುಂದಿನ ಮೂರು ವಾರ ಬಿಡುವಾದಾಗಲೆಲ್ಲ ಮುಕ್ತಿಯಾರ್ ಜಯಕುಮಾರನನ್ನು ಜತೆಗೆ ಕಟ್ಟಿಕೊಂಡು ರೈಲು ಹತ್ತಿ ಬೆಂಗಳೂರಿನ ಗುಜರಿಗಳನ್ನು ಸುತ್ತಿದರು. ಕೊನೆಗೆ ಮುಂಭಾಗ ನಜ್ಜುಗುಜ್ಜಾಗಿದ್ದ ಅದೇ ಜಾತಿಯ ಕಾರೊಂದು ಸಿಕ್ಕಿತು. ಡಬ್ಬಕ್ಕೆ ಏನೂ ಆಗಿರಲಿಲ್ಲ. ಇಬ್ಬರೂ ಅದನ್ನು ಟವೆಲಿನಲ್ಲಿ ಸುತ್ತಿ, ಸರದಿಯ ಮೇಲೆ ತೊಡೆಯ ಮೇಲಿಟ್ಟುಕೊಂಡು ಬಂದರು. ಕೂಸು ಮಲಗಿದೆಯೆಂದು ತಿಳಿದು ರೈಲಿನಲ್ಲಿ ಹೆಂಗಸೊಬ್ಬರು ಕಿಟಕಿಯ ಜಾಗ ಬಿಟ್ಟುಕೊಟ್ಟರಂತೆ.

ನೇರ ಕೊಳವೆ ಕಿತ್ತು ಡಬ್ಬ ಕೂರಿಸಿದರು. ಹೊಸ ಸೈಲೆನ್ಸರನ್ನೂ ಬೆಸೆದು, ನೂರ್‌ಜಹಾನ್ ತಲೆ ಎತ್ತುವುದು ನಿಲ್ಲುವವರೆಗೂ ಬಿಡಲಿಲ್ಲ. ಜಯಕುಮಾರ ಮತ್ತೆ ತಿಪ್ಪಸಂದ್ರಕ್ಕೆ ಹೋದ. ಈ ಸಲ ಜಗಲಿಯ ಮೇಲೆ ಕೂತು, ತಾನು ಏನಂದಿದ್ದೆ ಎಂಬುದನ್ನು ಮೆಲ್ಲಗೆ ಹೇಳಿದ. ಏನೆಂದು ಮುಕ್ತಿಯಾರ್ ಎಷ್ಟು ಕೇಳಿದರೂ ಅವನು ಬಾಯಿ ಬಿಟ್ಟಿಲ್ಲ. ಹುಡುಗಿ ಮಾತ್ರ ಒಪ್ಪಿದಳು.

ಮದುವೆ ಮಾಗಡಿಯ ಛತ್ರದಲ್ಲಿ ನಡೆಯಿತು. ವಾಲಗದವರು ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗಲೇ ಕೆಂಪು ಕಾರು ಬಂದು ನಿಂತು, ಮದುಮಗ ಇಳಿದು ಬಾಗಿಲಲ್ಲಿ ಒಂಟಿಯಾಗಿ ಕಾಯುತ್ತಿದ್ದ. ಆರತಿ ತಟ್ಟೆ ಇನ್ನೂ ಸಿದ್ಧವಾಗಿರಲಿಲ್ಲ. ಅವನನ್ನು ಮತ್ತೆ ಕಾರು ಹತ್ತಿಸಿ, ಬೀದಿಯ ತುದಿಗೆ ಕಳಿಸಿ, ಎರಡನೇ ಸಲ ಬರಮಾಡಿಕೊಂಡರು.

ಊಟದ ಪಂಕ್ತಿಯಲ್ಲಿ ಮುಕ್ತಿಯಾರ್ ಪಕ್ಕಕ್ಕೆ ಹೆಣ್ಣಿನ ಕಡೆಯ ಮುದುಕರೊಬ್ಬರು ಕೂತಿದ್ದರು. ಅವರಿಗೆ ಇವರಾರೆಂದು ಗೊತ್ತಿರಲಿಲ್ಲ. ಅನ್ನ ಕಲಸುತ್ತಾ ಗೊಣಗಿದರು: "ಇದೇನ್ ಕಾರೋ ಕಣ್ರೀ, ಗಂಡು ಬಂದಿದ್ದೇ ಗೊತ್ತಾಗ್ನಿಲ್ಲ."

ಆ ಮಾತು ನೆನೆದರೆ ಮುಕ್ತಿಯಾರ್ ಮುಖ ಇವತ್ತಿಗೂ ಅರಳುತ್ತದೆ. "ಸದ್ದು ಜಾಸ್ತಿ ಅಂತ ಬೈಯೋರು ಬತ್ತಾರೆ, ಕಮ್ಮಿ ಆಯ್ತು ಅಂತ ಹೇಳೋಕ್ಕೆ ಯಾರೂ ಬರಲ್ಲ. ಇಷ್ಟು ವರ್ಷದಾಗೆ ನನ್ ಕೆಲ್ಸನ ಎದುರ್ಗೆ ಹೊಗಳಿದ್ದು ಆ ಯಜಮಾನ್ರು ಒಬ್ರೇ," ಎನ್ನುತ್ತಾರೆ. "ಆ ಖುಸಿಗೆ ಇನ್ನೊಂದು ಒಬ್ಬಟ್ಟು ಹಾಕುಸ್ಕೊಂಡೆ."